ಗ್ಲುಟೆನ್ ವರ್ಜ್ಯ, ಅಲರ್ಜಿಯೂ ಇದೆ: ಕುಟುಂಬ ಸಮೇತ ಪ್ರವಾಸ ಹೊರಡುವವರಿಗೆ

ಮನೆಯಲ್ಲಿ ಒಬ್ಬರಿಗೆ ಸೀಲಿಯಾಕ್ ಕಾಯಿಲೆ, ಇನ್ನೊಬ್ಬರಿಗೆ ಗೋಡಂಬಿಯದೋ ಹಾಲಿನದೋ ಅಲರ್ಜಿ ಇದ್ದರೆ ಪ್ರವಾಸ ಹಳಿ ತಪ್ಪುವುದು ಹೆಚ್ಚಾಗಿ ಮೂರು ಹೊತ್ತಿನಲ್ಲಿ: ವಿಮಾನ ತಡವಾದಾಗ, ಊರು ಮುಟ್ಟಿದ ಮೊದಲ ರಾತ್ರಿ, ವಾಪಸ್ ಹೊರಡುವ ದಿನ. ಕಟ್ಟಿಕೊಂಡು ಬಂದದ್ದು ಖಾಲಿಯಾಗಿರುತ್ತದೆ, ಮಕ್ಕಳು ಹಸಿದು ಅಳುತ್ತಿರುತ್ತಾರೆ, ಅಂಗಡಿ ಬಾಗಿಲು ಹಾಕಿರುತ್ತದೆ. ಆಗಲೇ ‘ಒಂದು ಸಲ ತಿಂದರೆ ಏನಾಗುತ್ತೆ’ ಎಂಬ ಮಾತು ಯಾರ ಬಾಯಿಂದಲೋ ಬರುವುದು. ಹಸಿದ ಹೊಟ್ಟೆಯಲ್ಲಿ ಯಾರೂ ಊಟದ ತೀರ್ಮಾನ ಮಾಡುವಂತಾಗಬಾರದು. ಕೆಳಗಿನ ತಯಾರಿಯೆಲ್ಲ ಅದಕ್ಕಾಗಿಯೇ.

ಎರಡೂ ತೊಂದರೆಗಳ ಸ್ವಭಾವ ಬೇರೆ ಬೇರೆ ಎಂಬುದನ್ನು ಜೊತೆಗೆ ಬರುವ ಅಜ್ಜ ಅಜ್ಜಿಯಿಂದ ಹಿಡಿದು ಎಲ್ಲರಿಗೂ ಮೊದಲೇ ತಿಳಿಸಿಡಿ. ಸೀಲಿಯಾಕ್ ಇರುವವರಿಗೆ ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಸಣ್ಣ ಕರುಳಿನ ಒಳಪದರಕ್ಕೆ ಹಾನಿ ಮಾಡುತ್ತದೆ. ಹೊಟ್ಟೆನೋವು, ವಾಂತಿ, ಭೇದಿ ಕೆಲವು ಗಂಟೆಗಳ ನಂತರ ಶುರುವಾಗಬಹುದು, ಏನೂ ಕಾಣಿಸದೆ ಒಳಗೊಳಗೇ ಹಾನಿಯೂ ಆಗಬಹುದು. ತೀವ್ರ ಅಲರ್ಜಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಇದಕ್ಕೆ ಕೆಲಸಕ್ಕೆ ಬಾರದು. ಅಲರ್ಜಿಯ ಕಥೆ ಹಾಗಲ್ಲ, ನಿಮಿಷಗಳ ಲೆಕ್ಕದಲ್ಲಿ ಉಸಿರಿಗೇ ಸಂಚಕಾರ ಬರಬಹುದು. ಒಬ್ಬರಿಗೆ ಹೀಗಾದಾಗ ಏನು ಮಾಡಬೇಕು, ಇನ್ನೊಬ್ಬರಿಗೆ ಹಾಗಾದಾಗ ಏನು ಮಾಡಬೇಕು ಎಂಬುದು ಮನೆಯವರ ತಲೆಯಲ್ಲಿ ಕಲಸಿಕೊಂಡಿರಬಾರದು.

ಎರಡೂ ಒಂದೇ ಮನೆಯಲ್ಲಿದ್ದಾಗ ಬರುವ ಒಂದು ತೊಡಕನ್ನು ಬಹಳ ಜನ ಗಮನಿಸುವುದಿಲ್ಲ. ಗ್ಲುಟೆನ್ ಇಲ್ಲದ ಬ್ರೆಡ್ಡು, ಕೇಕು, ಬಿಸ್ಕತ್ತುಗಳಲ್ಲಿ ಗೋಧಿ ಹಿಟ್ಟಿನ ಜಾಗಕ್ಕೆ ಬಾದಾಮಿ ಪುಡಿ, ಸೋಯಾ, ಲುಪಿನ್ ಕಾಳಿನ ಹಿಟ್ಟು ಬಂದಿರುತ್ತದೆ. ಹಿಟ್ಟು ಕೂಡಿಕೊಳ್ಳಲೆಂದು ಮೊಟ್ಟೆ ಮತ್ತು ಹಾಲಿನ ಪುಡಿಯನ್ನೂ ಹೆಚ್ಚಾಗಿ ಹಾಕುತ್ತಾರೆ. ಶೇಂಗಾ ಅಲರ್ಜಿ ಇರುವ ಕೆಲವರಿಗೆ ಲುಪಿನ್ ಕೂಡ ಆಗುವುದಿಲ್ಲ. ಅಂದರೆ ಅಮ್ಮನಿಗೆಂದು ತಂದ ಪೊಟ್ಟಣವೇ ಮಗುವಿಗೆ ಅಪಾಯ. ಗೋಧಿ ಅಲರ್ಜಿಗೂ ಇಂಥದ್ದೇ ಒಂದು ಬಲೆ ಇದೆ: ಗ್ಲುಟೆನ್ ತೆಗೆದ ಗೋಧಿ ಪಿಷ್ಟ ಹಾಕಿದ ಪದಾರ್ಥಗಳನ್ನು ಸೀಲಿಯಾಕ್ ಇರುವವರು ತಿನ್ನಬಹುದು, ಗೋಧಿ ಅಲರ್ಜಿ ಇರುವವರು ತಿನ್ನಬಾರದು. ಆದ್ದರಿಂದ ಪ್ರವಾಸದ ದಿನಗಳ ಮಟ್ಟಿಗೆ, ಇಬ್ಬರೂ ತಿನ್ನಬಹುದಾದ ಐದಾರು ಪದಾರ್ಥಗಳನ್ನು ಆರಿಸಿ ಅವನ್ನಷ್ಟೇ ಎಲ್ಲರೂ ತಿನ್ನುವುದು ಒಳ್ಳೆಯದು. ಚೀಲದಲ್ಲಿ ‘ಇದು ಅವಳಿಗೆ, ಇದು ಅವನಿಗೆ’ ಎಂಬ ವಿಂಗಡಣೆ ಮೂರನೇ ದಿನಕ್ಕೆ ನಿಲ್ಲುವುದಿಲ್ಲ.

ಊರು ಆರಿಸುವಾಗ ಅಲ್ಲಿನ ಲೇಬಲ್ ಕಾನೂನನ್ನೂ ನೋಡಿ. ಐರೋಪ್ಯ ಒಕ್ಕೂಟದಲ್ಲಿ 14 ಅಲರ್ಜಿಕಾರಕಗಳನ್ನು ತಿಳಿಸುವುದು ಕಡ್ಡಾಯ. 2014ರ ಡಿಸೆಂಬರಿನಿಂದ ಇದು ಹೋಟೆಲಿನ ಊಟಕ್ಕೂ ಬಿಡಿ ಪದಾರ್ಥಗಳಿಗೂ ಅನ್ವಯಿಸುತ್ತದೆ, ಕೇಳಿದರೆ ಹೇಳಲೇಬೇಕು. ಅಮೆರಿಕದಲ್ಲಿ ಪಟ್ಟಿ 9ರದ್ದು. ಎಳ್ಳು ಅದಕ್ಕೆ ಸೇರಿ ಜಾರಿಗೆ ಬಂದದ್ದು 2023ರ ಜನವರಿಯಲ್ಲಿ. ಅಲ್ಲಿನ ಪಟ್ಟಿಯಲ್ಲಿ ಗೋಧಿ ಇದೆ, ಬಾರ್ಲಿ ಮತ್ತು ರೈ ಇಲ್ಲ. ‘ಗೋಧಿ ಇದೆ’ ಎಂಬ ಸಾಲು ಕಾಣಲಿಲ್ಲವೆಂದು ಸೀಲಿಯಾಕ್ ಇರುವವರು ನೆಮ್ಮದಿಪಡುವಂತಿಲ್ಲ, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ರೂಪದಲ್ಲಿ ಬಾರ್ಲಿ ಇರಬಹುದು. ಸಾಸಿವೆ ಐರೋಪ್ಯ ಪಟ್ಟಿಯಲ್ಲಿದೆ, ಅಮೆರಿಕದ್ದರಲ್ಲಿಲ್ಲ. ಜಪಾನಿನಲ್ಲಿ ಪೊಟ್ಟಣದ ಮೇಲೆ ಗೋಧಿ ಮತ್ತು ಬಕ್‌ವೀಟ್ (ಹೆಸರಿನಲ್ಲಿ ‘ವೀಟ್’ ಇದ್ದರೂ ಇದು ಗೋಧಿಯಲ್ಲ) ನಮೂದಿಸುವುದು ಕಡ್ಡಾಯ, ಬಾರ್ಲಿ ಕಡ್ಡಾಯವಲ್ಲ. ಅಲ್ಲಿ ಹೋಟೆಲುಗಳಿಗೆ ಈ ಕಾನೂನೇ ಅನ್ವಯಿಸುವುದಿಲ್ಲ. ಸೋಯಾ ಸಾಸ್ ಇಲ್ಲದ ಅಡುಗೆಯೂ ಅಲ್ಲಿ ಕಡಿಮೆ, ಅದರಲ್ಲಿ ಗೋಧಿ ಇರುತ್ತದೆ.

‘ಗ್ಲುಟೆನ್ ಫ್ರೀ’ ಎಂಬ ಬರಹಕ್ಕೂ ದೇಶದಿಂದ ದೇಶಕ್ಕೆ ಅರ್ಥ ಬದಲಾಗುತ್ತದೆ. ಅಂತಾರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್, ಐರೋಪ್ಯ ಒಕ್ಕೂಟ, ಅಮೆರಿಕ ಮೂರೂ ಒಂದು ಕಿಲೋಗೆ 20 ಮಿಲಿಗ್ರಾಂ ಮಿತಿ ಇಟ್ಟಿವೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಪರೀಕ್ಷೆಗೆ ಸಿಗುವಷ್ಟು ಗ್ಲುಟೆನ್ ಇರಲೇಬಾರದು, ಓಟ್ಸ್‌ಗೆ ಆ ಹೆಸರನ್ನೇ ಹಾಕುವಂತಿಲ್ಲ. ಯುರೋಪಿನಲ್ಲಿ ‘ಅತಿ ಕಡಿಮೆ ಗ್ಲುಟೆನ್’ ಎಂಬ ಬೇರೆ ವರ್ಗವಿದ್ದು ಅದರ ಮಿತಿ 100 ಮಿಲಿಗ್ರಾಂ. ಅವಸರದಲ್ಲಿ ಓದಿದರೆ ಎರಡೂ ಒಂದೇ ಥರ ಕಾಣುತ್ತವೆ. ‘ಲ್ಯಾಕ್ಟೋಸ್ ಫ್ರೀ’ ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯಷ್ಟೇ ಇರುವುದಿಲ್ಲ, ಹಾಲಿನ ಪ್ರೋಟೀನು ಹಾಗೇ ಇರುತ್ತದೆ, ಹಾಲಿನ ಅಲರ್ಜಿ ಇರುವ ಮಗುವಿಗೆ ಅದು ಸಾಮಾನ್ಯ ಹಾಲಿನಷ್ಟೇ ಅಪಾಯ. ‘ಇರಬಹುದು’ ಎಂಬ ಎಚ್ಚರಿಕೆ ಸಾಲು ಬಹುತೇಕ ದೇಶಗಳಲ್ಲಿ ತಯಾರಕರ ಇಚ್ಛೆಗೆ ಬಿಟ್ಟದ್ದು. ಆ ಸಾಲು ಇಲ್ಲ ಎಂದರೆ ಆ ಕಾರ್ಖಾನೆಯಲ್ಲಿ ಶೇಂಗಾ ಇಲ್ಲ ಎಂದರ್ಥವಲ್ಲ.

ಉಳಿಯುವ ಜಾಗದ ವಿಷಯದಲ್ಲಿ ನನ್ನ ಸಲಹೆ ಖಡಾಖಂಡಿತ: ಮೂರು ರಾತ್ರಿಗಿಂತ ಹೆಚ್ಚು ಒಂದೇ ಊರಿನಲ್ಲಿದ್ದರೆ ಅಡುಗೆಮನೆ ಇರುವ ಕೊಠಡಿಯನ್ನೇ ಹಿಡಿಯಿರಿ. ಕಾಯ್ದಿರಿಸುವ ಮುನ್ನ ಒಲೆ ಇದೆಯೋ ಬರೀ ಮೈಕ್ರೋವೇವ್ ಇದೆಯೋ, ಫ್ರಿಜ್ಜಿನಲ್ಲಿ ಫ್ರೀಜರ್ ಇದೆಯೋ, ದಿನಸಿ ಅಂಗಡಿ ಎಷ್ಟು ದೂರ, ಭಾನುವಾರ ತೆರೆದಿರುತ್ತದೆಯೋ, ತುರ್ತು ಚಿಕಿತ್ಸೆ ಇರುವ ಆಸ್ಪತ್ರೆ ಎಷ್ಟು ನಿಮಿಷದ ದಾರಿ ಎಂದು ಕೇಳಿ ತಿಳಿದುಕೊಳ್ಳಿ. ಕೊನೆಯ ಪ್ರಶ್ನೆಯ ಉತ್ತರ ಸಮಾಧಾನ ತರದಿದ್ದರೆ ಎಷ್ಟೇ ಚೆಂದದ ಜಾಗವಾದರೂ ಬಿಡಿ.

ಬಾಡಿಗೆ ಅಡುಗೆಮನೆಗೆ ಹೊಕ್ಕ ಕೂಡಲೇ ಅಡುಗೆಗೆ ಕೈಹಾಕಬೇಡಿ, ಮೊದಲ ಅರ್ಧ ಗಂಟೆ ತೊಳೆಯುವುದಕ್ಕೇ ಮೀಸಲು. ಅಲ್ಲಿರುವ ಪಾತ್ರೆ ತಿಕ್ಕುವ ಸ್ಪಂಜನ್ನು ಎತ್ತಿಡಿ, ಹೊಸದನ್ನು ಬಳಸಿ. ಮರದ ಸೌಟು, ಮರದ ಹಲಗೆ, ಗೀರು ಬಿದ್ದ ನಾನ್‌ಸ್ಟಿಕ್ ತವೆ, ಪಾಸ್ತಾ ಬಸಿಯುವ ತೂತಿನ ಪಾತ್ರೆ ಇವನ್ನು ಮುಟ್ಟದಿರುವುದೇ ಲೇಸು. ತೂತುಗಳಲ್ಲಿ, ಗೀರುಗಳಲ್ಲಿ ಒಣಗಿ ಕೂತ ಹಿಟ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಸ್ಟೀಲು, ಗಾಜಿನ ಪಾತ್ರೆಗಳನ್ನು ಸೋಪು ಹಾಕಿ ಉಜ್ಜಿದರೆ ಸಾಕು. ಟೋಸ್ಟರಿನ ತಳದಲ್ಲಿ ಹಿಂದಿನವರ ಬ್ರೆಡ್ಡಿನ ಚೂರುಗಳಿರುತ್ತವೆ, ಅದನ್ನು ಬಿಟ್ಟು ಓವನ್ನಿನ ತಟ್ಟೆಗೆ ಫಾಯಿಲ್ ಹಾಸಿ ಬ್ರೆಡ್ ಸುಡಿ. ಫ್ರಿಜ್ಜಿನಲ್ಲಿ ಯಾರೋ ಬಿಟ್ಟುಹೋದ ಬೆಣ್ಣೆ, ಜಾಮು, ತೆರೆದ ಉಪ್ಪಿನ ಡಬ್ಬಿ ಬೇಡ. ಮನೆಯಿಂದ ಒಯ್ಯಬೇಕಾದದ್ದು ಹೆಚ್ಚೇನಿಲ್ಲ: ತೆಳುವಾದ ಪ್ಲಾಸ್ಟಿಕ್ ಕತ್ತರಿಸುವ ಹಾಳೆ, ಸಿಲಿಕೋನ್ ಚಮಚ, ಮಡಚುವ ಬಸಿಯುವ ಪಾತ್ರೆ, ಒಂದು ಸ್ಪಂಜು, ಫಾಯಿಲ್ ಸುರುಳಿ. ಎಲ್ಲ ಸೇರಿ ಒಂದು ಕಿಲೋ ದಾಟುವುದಿಲ್ಲ.

ಔಷಧದ ಚೀಲ ಕೈಯಲ್ಲೇ ಇರಲಿ. ಸಾಮಾನಿನ ಕಂಟೇನರಿಗೆ ಹಾಕಿದರೆ ಕಳೆದುಹೋಗಬಹುದು, ಅಲ್ಲಿ ಉಷ್ಣಾಂಶವೂ ಹಿಡಿತದಲ್ಲಿರುವುದಿಲ್ಲ. ಅಡ್ರಿನಲಿನ್ ಪೆನ್ನು, ಅಂದರೆ ಮೊದಲೇ ಔಷಧ ತುಂಬಿಟ್ಟ ಚುಚ್ಚುಮದ್ದು, ಎರಡು ಬೇಕೇ ಬೇಕು, ದೂರದ ಚಾರಣಕ್ಕೆ ಇನ್ನೂ ಹೆಚ್ಚು ಬೇಕೇ ಎಂದು ವೈದ್ಯರನ್ನು ಕೇಳಿ. ಅಮೆರಿಕದ ಲೇಬಲ್ ಪ್ರಕಾರ 15ರಿಂದ 30 ಕಿಲೋ ತೂಕದ ಮಕ್ಕಳಿಗೆ 0.15 ಮಿಲಿಗ್ರಾಂ, 30 ಕಿಲೋ ಮೇಲಿನವರಿಗೆ 0.3 ಮಿಲಿಗ್ರಾಂ. ಹೋದ ವರ್ಷ ಕೊಂಡ ಪೆನ್ನು ಈ ವರ್ಷದ ಮಗುವಿಗೆ ಸಾಲದಿರಬಹುದು. ಹೊರಡುವ ತಿಂಗಳ ಮೊದಲೇ ಮಗುವನ್ನು ತೂಗಿ ವೈದ್ಯರಿಗೆ ತೋರಿಸಿ. ಪೆನ್ನನ್ನು ಇಡಬೇಕಾದದ್ದು 20ರಿಂದ 25 ಡಿಗ್ರಿಯಲ್ಲಿ. ಫ್ರಿಜ್ಜಿಗೆ ಹಾಕಬಾರದು, ಐಸ್ ಗಡ್ಡೆಗೆ ತಾಗಿಸಬಾರದು, ಬಿಸಿಲಲ್ಲಿ ನಿಂತ ಕಾರಿನಲ್ಲಿ ಹತ್ತು ನಿಮಿಷವೂ ಬಿಡಬಾರದು. ಕಿಟಕಿಯಂತಿರುವ ಭಾಗದಲ್ಲಿ ಔಷಧ ಕಂದಿದ್ದರೆ, ಕಣಗಳು ಕಂಡರೆ ಬದಲಿಸಿ. ವೈದ್ಯರ ಪತ್ರದಲ್ಲಿ ರೋಗಿಯ ಹೆಸರು, ಔಷಧದ ಮೂಲ ಹೆಸರು, ಪ್ರಮಾಣ, ಜೊತೆಯಲ್ಲಿ ಒಯ್ಯುವ ಆಹಾರದ ಅಗತ್ಯ ಎಲ್ಲವೂ ಇರಲಿ. ಪ್ರವಾಸ ವಿಮೆ ಮಾಡಿಸುವಾಗ ಅಲರ್ಜಿಯನ್ನು ಮುಚ್ಚಿಡಬೇಡಿ, ಆಸ್ಪತ್ರೆ ಖರ್ಚು ಕೇಳಿದಾಗ ಅದನ್ನೇ ನೆಪ ಮಾಡಿ ತಿರಸ್ಕರಿಸಬಹುದು.

ವಿಮಾನದ ವಿಶೇಷ ಊಟಕ್ಕೆ ಸಂಕೇತಗಳಿವೆ. ಜಿಎಫ್‌ಎಂಎಲ್ ಎಂದರೆ ಗ್ಲುಟೆನ್ ಇಲ್ಲದ್ದು. ಎನ್‌ಎಲ್‌ಎಂಎಲ್ ಎಂಬುದು ಲ್ಯಾಕ್ಟೋಸ್ ಕಡಿಮೆ ಇರುವ ಊಟ, ಹಾಲಿನ ಅಲರ್ಜಿಗೆ ಅದನ್ನು ನಂಬಬೇಡಿ. ಶೇಂಗಾ, ಗೋಡಂಬಿ ಒಂದಿಷ್ಟೂ ಇರುವುದಿಲ್ಲವೆಂದು ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ಖಾತರಿ ಕೊಡುವುದಿಲ್ಲ. ಟಿಕೆಟ್ ಮಾಡಿದ ದಿನವೇ ಕೋರಿಕೆ ಹಾಕಿ, 72 ಗಂಟೆ ಮುಂಚೆ ಮತ್ತೊಮ್ಮೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ವಿಮಾನ ಬದಲಾದರೆ ಈ ಕೋರಿಕೆ ಹೊಸ ಟಿಕೆಟ್ಟಿಗೆ ತಾನಾಗಿ ಹೋಗದಿರುವುದೇ ಹೆಚ್ಚು. ತಟ್ಟೆ ಬಂದ ಮೇಲೂ ನೋಡಿ: ಮುಖ್ಯ ಊಟ ಸರಿಯಿದ್ದು, ಪಕ್ಕದಲ್ಲಿ ಎಲ್ಲರಿಗೂ ಕೊಡುವ ಮಾಮೂಲಿ ಬನ್ನು ಇಟ್ಟುಬಿಟ್ಟಿರುತ್ತಾರೆ. ಸೀಟಿಗೆ ಕೂರುವ ಮುಂಚೆ ಟ್ರೇ, ತೋಳಿನ ಒರಗು, ಬೆಲ್ಟಿನ ಬಕಲು, ಪರದೆ ಇಷ್ಟನ್ನೂ ಒದ್ದೆ ವೈಪ್ಸಿನಿಂದ ಒರೆಸಿ. ಮಕ್ಕಳ ಕೈಯಿಂದ ಬಾಯಿಗೆ ಹೋಗುವುದೇ ದೊಡ್ಡ ಅಪಾಯ. ಸ್ಯಾನಿಟೈಸರ್ ರೋಗಾಣು ಕೊಲ್ಲುತ್ತದೆ, ಶೇಂಗಾದ ಪ್ರೋಟೀನನ್ನು ತೆಗೆಯುವುದಿಲ್ಲ. ಅದಕ್ಕೆ ಸೋಪು ನೀರು ಇಲ್ಲವೇ ಒದ್ದೆ ವೈಪ್ಸೇ ಆಗಬೇಕು.

ಭದ್ರತಾ ತಪಾಸಣೆಯಲ್ಲಿ 100 ಮಿಲಿಲೀಟರ್ ನಿಯಮ ಬಹುತೇಕ ಕಡೆ ಇದೆ, ಬೀಜದ ಬೆಣ್ಣೆ, ಮೊಸರು, ಚಟ್ನಿಯಂಥದ್ದೂ ಅದರಲ್ಲೇ ಬರುತ್ತವೆ. ಅಮೆರಿಕದಲ್ಲಿ ಐಸ್ ಪ್ಯಾಕ್ ಗಟ್ಟಿಯಾಗಿ ಹೆಪ್ಪುಗಟ್ಟಿದ್ದರೆ ಬಿಡುತ್ತಾರೆ, ಅರ್ಧ ಕರಗಿದ್ದರೆ ದ್ರವದ ಲೆಕ್ಕಕ್ಕೆ ಹಿಡಿಯುತ್ತಾರೆ. ಗಡಿ ದಾಟುವಾಗ ಮಾಂಸ, ಹಾಲಿನ ಪದಾರ್ಥಗಳಿಗೆ ತಡೆ ಇರುತ್ತದೆ. ಹೊರದೇಶದಿಂದ ಐರೋಪ್ಯ ಒಕ್ಕೂಟಕ್ಕೆ ಬರುವವರು ವೈದ್ಯಕೀಯ ಕಾರಣದ ವಿಶೇಷ ಆಹಾರವನ್ನು ತಲಾ 2 ಕಿಲೋವರೆಗೆ ತರಬಹುದು, ತೆರೆಯದ ಪೊಟ್ಟಣವಾಗಿರಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಒಂದು ಸೇಬು ಇದ್ದರೂ ಫಾರಂನಲ್ಲಿ ಬರೆಯಿರಿ. ಹಾಗಾಗಿ ಬೇಯಿಸಿ ಒಣಗಿಸಿದ, ಅಂಗಡಿಯಲ್ಲಿ ಪ್ಯಾಕ್ ಮಾಡಿದ ಪದಾರ್ಥಗಳೇ ಸುಲಭ. ಪ್ರಮಾಣದ ಲೆಕ್ಕ ಹೀಗಿಡಿ: ಪ್ರಯಾಣಕ್ಕೆ ಎಷ್ಟು ಹೊತ್ತಿನ ಊಟ ಬೇಕೋ ಅಷ್ಟು, ತಡವಾದರೆಂದು ಇನ್ನೆರಡು ಹೊತ್ತಿಗೆ, ಮೊದಲ ರಾತ್ರಿಗೆ ಒಂದು, ಮರುದಿನದ ತಿಂಡಿಗೆ ಒಂದು.

ಹೊರಗೆ ಉಣ್ಣುವಾಗ ಆ ಊರಿನ ಭಾಷೆಯಲ್ಲಿ ಬರೆದ ಕಾರ್ಡು ಬೇಕು. ಅನುವಾದವನ್ನು ಆ ಭಾಷೆ ಬಲ್ಲವರಿಂದ ಓದಿಸಿ, ಯಂತ್ರಕ್ಕೆ ‘ಬೀಜ’ ಎಂದರೆ ಏನು ಎಂಬುದೇ ಗೊಂದಲ. ಕಾರ್ಡಿನ ಒಕ್ಕಣೆ ಹೀಗಿರಲಿ:

“ನನ್ನ ಮಗನಿಗೆ ಗೋಡಂಬಿ, ಪಿಸ್ತಾದ ಅಲರ್ಜಿ ಇದೆ. ಸ್ವಲ್ಪವೇ ಹೊಟ್ಟೆಗೆ ಹೋದರೂ ಪ್ರಾಣಕ್ಕೆ ಅಪಾಯ. ನಾನು ಗೋಧಿ, ಬಾರ್ಲಿ, ರೈ ತಿನ್ನುವಂತಿಲ್ಲ. ಮೈದಾ, ರವೆ, ಬ್ರೆಡ್ ಪುಡಿ, ಸೋಯಾ ಸಾಸ್, ಮಾಲ್ಟ್ ಕೂಡದು. ದಯವಿಟ್ಟು ತೊಳೆದ ಬಾಣಲೆ, ಬೇರೆ ಚಾಕು, ಹೊಸ ಎಣ್ಣೆ ಬಳಸಿ. ಖಚಿತವಿಲ್ಲದಿದ್ದರೆ ಬೇಡ ಎಂದೇ ಹೇಳಿ, ನಮಗೆ ಬೇಸರವಿಲ್ಲ.”

ಆ ಕೊನೆಯ ಸಾಲನ್ನು ಬಿಡಬೇಡಿ. ಬಂದ ಗಿರಾಕಿಗೆ ‘ಇಲ್ಲ’ ಎನ್ನಲು ಸಂಕೋಚಪಟ್ಟೇ ಎಷ್ಟೋ ಜನ ‘ಹೂಂ, ಪರವಾಗಿಲ್ಲ’ ಎಂದುಬಿಡುತ್ತಾರೆ. ಕಾರ್ಡಿನ ಆರೇಳು ಪ್ರತಿ ಮಾಡಿಸಿ, ಒಂದು ಅಡುಗೆಮನೆಯಲ್ಲೇ ಉಳಿಯಲಿ.

ಪ್ರಶ್ನೆ ಕೇಳುವ ರೀತಿಯೂ ಮುಖ್ಯ. ‘ಇದರಲ್ಲಿ ಗ್ಲುಟೆನ್ ಇದೆಯಾ’ ಎಂದರೆ ‘ಇಲ್ಲ’ ಎಂಬ ಉತ್ತರ ಸಲೀಸಾಗಿ ಬರುತ್ತದೆ. ‘ಸಾರನ್ನು ಏನು ಹಾಕಿ ಗಟ್ಟಿ ಮಾಡುತ್ತೀರಿ? ಆಲೂಗಡ್ಡೆ ಕರಿಯುವ ಎಣ್ಣೆಯಲ್ಲಿ ಬೇರೇನು ಕರಿಯುತ್ತೀರಿ? ಅನ್ನ ಬೇಯಿಸುವ ನೀರಿಗೆ ಸ್ಟಾಕ್ ಕ್ಯೂಬ್ ಹಾಕುತ್ತೀರಾ? ಆಮ್ಲೆಟ್ ಉಬ್ಬಲು ಹಿಟ್ಟು ಸೇರಿಸುತ್ತೀರಾ?’ ಎಂದು ಕೇಳಿದರೆ ಅಡುಗೆಯವರು ಯೋಚಿಸಬೇಕಾಗುತ್ತದೆ. ಆಲೂಗಡ್ಡೆಯಲ್ಲಿ ಗ್ಲುಟೆನ್ ಇಲ್ಲ, ಆದರೆ ಮೈದಾ ಲೇಪಿಸಿದ ಮೀನು ಕರಿದ ಎಣ್ಣೆಯಿಂದ ಬಂದ ಆಲೂಗಡ್ಡೆಯಲ್ಲಿ ಇರಬಹುದು. ಕುದಿವ ಎಣ್ಣೆ ಗ್ಲುಟೆನ್ನನ್ನು ಸುಟ್ಟುಹಾಕುತ್ತದೆ ಎಂಬ ನಂಬಿಕೆ ತಪ್ಪು. ಊಟದ ಹೊತ್ತಿನ ನೂಕುನುಗ್ಗಲಿಗೆ ಮುಂಚೆ, ಅಂದರೆ ಮಧ್ಯಾಹ್ನ ಹನ್ನೆರಡರೊಳಗೆ ಇಲ್ಲವೇ ಸಂಜೆ ಬೇಗ ಹೋದರೆ ಇಷ್ಟೆಲ್ಲ ಕೇಳಲು, ಅವರಿಗೆ ಬಾಣಲೆ ತೊಳೆಯಲು ಪುರುಸೊತ್ತು ಇರುತ್ತದೆ. ತಪ್ಪಾದ ತಟ್ಟೆ ಬಂದರೆ ಹೊಸ ತಟ್ಟೆ ಬರುವ ತನಕ ಅದನ್ನು ಮೇಜಿನ ಮೇಲೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ಗೋಡಂಬಿ ಆರಿಸಿ ತೆಗೆದು ಅದೇ ಊಟ ವಾಪಸ್ ಬರಬಹುದು. ಬಫೆಯಲ್ಲಿ ಒಂದೇ ಸೌಟು ನಾಲ್ಕು ಪಾತ್ರೆ ಸುತ್ತುತ್ತದೆ, ತಟ್ಟೆಯನ್ನು ಒಳಗಿನಿಂದಲೇ ಬಡಿಸಿಸಿಕೊಳ್ಳಿ.

ಇಷ್ಟಾದರೂ ಮಗುವಿಗೆ ಅಲರ್ಜಿ ಕಾಣಿಸಿಕೊಂಡರೆ, ಅಂದರೆ ಧ್ವನಿ ಒಡೆದರೆ, ಉಸಿರು ಕಟ್ಟಿದರೆ, ಪದೇ ಪದೇ ವಾಂತಿಯಾದರೆ ಇಲ್ಲವೇ ಮಂಕು ಕವಿದರೆ, ಮೊದಲು ಪೆನ್ನು, ಆಮೇಲೆ ಫೋನು. ತೊಡೆಯ ಹೊರಬದಿಯ ಮಧ್ಯಕ್ಕೆ, ಬಟ್ಟೆಯ ಮೇಲಿಂದಲೇ ಚುಚ್ಚಬಹುದು. ಎಷ್ಟು ಸೆಕೆಂಡು ಹಿಡಿಯಬೇಕೆಂಬುದು ಪೆನ್ನಿನಿಂದ ಪೆನ್ನಿಗೆ ಬೇರೆ, ಸೂಜಿಯಿಲ್ಲದ ಅಭ್ಯಾಸದ ಪೆನ್ನಿನಲ್ಲಿ ಎಲ್ಲರೂ ಮನೆಯಲ್ಲೇ ಕಲಿತಿರಬೇಕು. ಮಗುವನ್ನು ಮಲಗಿಸಿ ಕಾಲು ಎತ್ತರಕ್ಕಿಡಿ. ಉಸಿರಾಟ ಕಷ್ಟವಾದರೆ ಕೂರಿಸಿ, ನಿಲ್ಲಿಸಿ ನಡೆಸಬೇಡಿ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೇ ಪೆನ್ನು. ಅಲರ್ಜಿ ಮಾತ್ರೆ ತುರಿಕೆ ತಗ್ಗಿಸುತ್ತದೆ, ಉಸಿರು ಉಳಿಸುವುದಿಲ್ಲ. ತುರ್ತು ಸಂಖ್ಯೆ ಐರೋಪ್ಯ ಒಕ್ಕೂಟದಲ್ಲಿ 112, ಅಮೆರಿಕ ಕೆನಡಾದಲ್ಲಿ 911, ಆಸ್ಟ್ರೇಲಿಯಾದಲ್ಲಿ 000, ಜಪಾನಿನಲ್ಲಿ ಆಂಬುಲೆನ್ಸಿಗೆ 119. ಇದನ್ನು ಉಳಿದ ಜಾಗದ ವಿಳಾಸದ ಜೊತೆ ಕಾರ್ಡಿನ ಹಿಂಬದಿಗೆ ಬರೆದಿಡಿ. ಮಗು ಚೇತರಿಸಿಕೊಂಡರೂ ಆಸ್ಪತ್ರೆಗೆ ಹೋಗಲೇಬೇಕು, ಗಂಟೆಗಳ ಮೇಲೆ ಎರಡನೇ ಸಲ ಮರುಕಳಿಸುವುದುಂಟು. ಅಂದೇ ವಿಮಾನ ಹತ್ತುವ, ಊರು ಬಿಡುವ ಯೋಚನೆ ಕೈಬಿಡಿ.

ವಾಪಸಾಗುವ ದಿನದ ಊಟವನ್ನು ಹಿಂದಿನ ರಾತ್ರಿಯೇ ಬೇಯಿಸಿ, ಆರಿಸಿ, ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ಮರೆಯದಂತೆ ಬಾಡಿಗೆ ಮನೆಯ ಬೀಗದ ಕೈಯನ್ನು ಆ ಡಬ್ಬಿಯ ಮೇಲೇ ಇಡಿ.