ಕುಡಿದು ಗಲಾಟೆ ಮಾಡಿದರೆ ಏನು ಮಾಡುತ್ತೀರಿ?

ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟದ ಅಂಚಿನಲ್ಲಿ ಆರು ಟೆಂಟ್ ಹಾಕಿ ಪ್ರವಾಸಿಗರನ್ನು ಉಳಿಸಿಕೊಳ್ಳುತ್ತೇವೆ. ನೆಂಟರು, ಪಕ್ಕದ ತೋಟದವರು ಎಲ್ಲರೂ ಕೇಳುವುದು ಒಂದೇ: "ಕುಡಿದು ಗಲಾಟೆ ಮಾಡಿದರೆ ರಾತ್ರೋರಾತ್ರಿ ಹೊರಗೆ ಹಾಕುತ್ತೀರಾ?"

ಹಾಕುವುದಿಲ್ಲ. ಸಕಲೇಶಪುರ, ಆಲೂರು, ಬೇಲೂರು ಕಡೆಯ ತೋಟಗಳಲ್ಲಿ ಕಾಡಾನೆಗಳ ಓಡಾಟ ಹೆಚ್ಚುವುದೇ ಕತ್ತಲಾದ ಮೇಲೆ. ಕುಡಿದವನ ಕೈಗೆ ಕಾರಿನ ಕೀಲಿ ಕೊಟ್ಟು ಆ ದಾರಿಗೆ ಅಟ್ಟಿದರೆ ಮುಂದಾಗುವುದಕ್ಕೆ ನಾನೇ ಹೊಣೆ. ಹಾಗಾಗಿ ನಮ್ಮ ಕೆಲಸ ಹೊತ್ತು ಮುಳುಗುವ ಮೊದಲೇ ಮುಗಿಯಬೇಕು.

ಬಂದವರನ್ನು ಮೊದಲು ತೋಟದೊಳಗೆ ನಡೆಸಿಕೊಂಡು ಹೋಗುತ್ತೇನೆ. ಆನೆ ಸೀಳಿ ತಿಂದ ಬೈನೆ ಮರ ತೋರಿಸುತ್ತೇನೆ. ಆಮೇಲೆ ತೋಟದ ಆಳುಗಳು ಸಂಸಾರ ಸಮೇತ ವಾಸಿಸುವ ಲೈನ್ ಮನೆಗಳ ಮುಂದೆ ನಿಲ್ಲಿಸಿ, ಇಲ್ಲಿ ಮಲಗುವವರು ಬೆಳಗ್ಗೆ ಐದಕ್ಕೆ ಎದ್ದು ಒಲೆ ಹಚ್ಚಬೇಕು ಎನ್ನುತ್ತೇನೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದೆಂಬ ನಿಯಮ 2000ದಿಂದಲೂ ಇದೆ. ಆದರೆ ಬಾಗಿಲಲ್ಲಿ ನಿಂತ ಮಗುವನ್ನು ಕಂಡವರಿಗೆ ನಿಯಮ ಹೇಳಬೇಕಾದ ಸಂದರ್ಭ ನನಗೆ ಬಂದಿರುವುದು ಕಡಿಮೆ. ಹೆಚ್ಚಿನವರು ಕೆಟ್ಟವರಲ್ಲ, ಸುತ್ತ ಯಾರೂ ಇಲ್ಲವೆಂದು ನಂಬಿ ಬಂದಿರುತ್ತಾರೆ.

ಬೆಂಕಿ ಕಲ್ಲು ಕಟ್ಟಿದ ಗುಂಡಿಯಲ್ಲಿ ಮಾತ್ರ. ಫೆಬ್ರವರಿ, ಮಾರ್ಚ್‌ನಲ್ಲಿ ಅದೂ ಇಲ್ಲ. ಆಗ ತರಗೆಲೆಗೆ ಒಂದು ಕಿಡಿ ಸಾಕು.

ಗಾಜಿನ ಬಾಟಲಿ ಗೇಟಿನಿಂದ ಒಳಗೆ ಬರುವುದಿಲ್ಲ. ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಮೊದಲ ವರ್ಷ ಒಂದು ಗುಂಪು ಹೋದ ಮರುದಿನ, ಹಣ್ಣು ಕುಯ್ಯುತ್ತಿದ್ದ ಹೆಂಗಸೊಬ್ಬರ ಅಂಗಾಲಿಗೆ ಎಲೆಯಡಿಯ ಚೂರು ಹೊಕ್ಕಿತು. ಅವರು ಸೆರಗಿನ ತುದಿ ಹರಿದು ಕಟ್ಟಿಕೊಂಡು, "ಚೀಲ ತುಂಬಿಸಿಯೇ ಹೋಗುತ್ತೇನೆ ಅಯ್ಯಾ" ಎಂದರು. ಬಟ್ಟೆ ಆಗಲೇ ನೆನೆದು ಕೆಂಪಾಗಿತ್ತು. ಆ ಗಾಯ ಮಾಡಿದ್ದು ಪ್ರವಾಸಿಗರಾದರೂ ಬಾಟಲಿಯನ್ನು ಒಳಗೆ ಬಿಟ್ಟವನು ನಾನು.

ಇಷ್ಟಾದರೂ ಕೆಲವರು ಮಿತಿ ಮೀರುತ್ತಾರೆ. ಕುಡಿದವನ ಜೊತೆ ವಾದ ಮಾಡುವುದಿಲ್ಲ. ಗೆಳೆಯರ ಎದುರು ಗದರಿಸಿದರೆ ಅವನು ಇನ್ನಷ್ಟು ಏರುತ್ತಾನೆ. ಗುಂಪಿನಲ್ಲಿ ಎಚ್ಚರವಿರುವ ಒಬ್ಬರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರೆ ಬಹುತೇಕ ಅಲ್ಲಿಗೇ ಮುಗಿಯುತ್ತದೆ. ಪಕ್ಕದ ಟೆಂಟಿನ ಹೆಣ್ಣುಮಕ್ಕಳಿಗೆ ತೊಂದರೆಯಾದರೆ, ನಮ್ಮ ಆಳುಗಳ ಮೇಲೆ ಕೈ ಎತ್ತಿದರೆ ಮಾತಿಲ್ಲ, ನೇರ 112ಕ್ಕೆ ಕರೆ. ಪೊಲೀಸರು ಬರುವವರೆಗೆ ಆ ಹೆಣ್ಣುಮಕ್ಕಳನ್ನು ನನ್ನ ಹೆಂಡತಿ ಮನೆಯೊಳಗೆ ಕರೆದುಕೊಳ್ಳುತ್ತಾಳೆ.

ಉಳಿದ ಗಲಾಟೆಕೋರರಿಗೆ ಬೆಳಗ್ಗೆ ಕಾಫಿ ಕೊಟ್ಟು, ಎರಡನೇ ದಿನದ ಹಣ ಹಿಂದಿರುಗಿಸಿ, ಬಿಸಿಲು ಬಂದ ಮೇಲೆ ಗೇಟು ತೆರೆಯುತ್ತೇನೆ.