ಗೌರಿ ಹೂವಿನ ಚಿತ್ರ ಬಿಡಿಸಿದ ಬೆಳಗ್ಗೆ

ನಮ್ಮ ಬೇಲಿಯಲ್ಲಿ ಪ್ರತಿ ಮಳೆಗಾಲವೂ ಗೌರಿ ಹೂ ಬಿಡುತ್ತದೆ. ಚಿಕ್ಕಂದಿನಿಂದ ನೋಡುತ್ತಲೇ ಇದ್ದೇನೆ, ಹಬ್ಬಕ್ಕೆ ಕೊಯ್ದು ತಂದಿದ್ದೇನೆ. ಫೋನಿನಲ್ಲಿ ಫೋಟೊಗಳೂ ಬೇಕಾದಷ್ಟಿವೆ. ಆದರೆ ಆ ಹೂ ಹೇಗಿದೆ ಅಂತ ನಿಜವಾಗಿ ಗೊತ್ತಾಗಿದ್ದು ಈ ಸಲ, ಪೆನ್ಸಿಲ್ ಹಿಡಿದು ಅದರ ಮುಂದೆ ಕೂತಾಗ.

ಎಸಳು ಆರು. ಅಂಚು ಅಲೆಅಲೆ, ಬುಡ ಹಳದಿ, ತುದಿ ಕೆಂಪು, ಎಲ್ಲವೂ ಹಿಂದಕ್ಕೆ ಮಡಚಿ ಮೇಲೆದ್ದಿವೆ. ಆರು ಕೇಸರಗಳು ಸುತ್ತಲೂ ಚಾಚಿವೆ. ನಡುವಿನ ಕಡ್ಡಿಯನ್ನು, ಅದೇ ಶಲಾಕೆಯನ್ನು, ನೇರ ಕೆಳಕ್ಕೆ ಎಳೆದುಬಿಟ್ಟೆ. ತಲೆಯೆತ್ತಿ ನೋಡಿದರೆ ಅದು ಕೆಳಕ್ಕೆ ಹೋಗಿಯೇ ಇಲ್ಲ! ಮುಂದೆ ಕಾಯಾಗುವ ಹಸಿರು ಭಾಗದ ತುದಿಯಿಂದ ಥಟ್ಟನೆ ಪಕ್ಕಕ್ಕೆ ಹೊರಳಿ, ಕೇಸರಗಳ ಮಟ್ಟಕ್ಕೆ ಚಾಚಿಕೊಂಡಿದೆ. ಮಕರಂದಕ್ಕೆ ಬರುವ ಚಿಟ್ಟೆಯ ರೆಕ್ಕೆಗೆ ತಾಗಬೇಕಲ್ವಾ, ಅದಕ್ಕೆ. ಇಷ್ಟು ವರ್ಷ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಎಲೆಯ ತುದಿಯೇ ಸುರುಳಿಯಾಗಿ ಬೇಲಿ ಹಿಡಿದುಕೊಂಡಿದ್ದೂ ಅವತ್ತೇ ಕಂಡಿದ್ದು.

1840ರ ದಶಕದಲ್ಲಿ ಇದೇ ನಮ್ಮ ಶಿವಮೊಗ್ಗದಲ್ಲಿ ಹ್ಯೂ ಕ್ಲೆಗಾರ್ನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಇದ್ದರು. ದಿನಕ್ಕೊಂದು ಗಿಡ ತರಿಸಿ, ಒಬ್ಬ ಮರಾಠಿ ಚಿತ್ರಕಾರನಿಂದ ಅದರ ಚಿತ್ರ ಬರೆಸುತ್ತಿದ್ದರು. ಆ ಸಂಗ್ರಹ ಈಗ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿದೆ. ಕ್ಲೆಗಾರ್ನ್ ಹೆಸರು ಉಳಿದಿದೆ, ನಮ್ಮ ಗಿಡಗಳನ್ನು ದಿನಾ ಅಷ್ಟು ಹತ್ತಿರದಿಂದ ನೋಡಿದವನ ಹೆಸರು ಉಳಿಯಲಿಲ್ಲ. ನನಗೆ ಇದು ತುಂಬ ನೋವಿನ ಸಂಗತಿ. ಮದ್ರಾಸ್ ಪ್ರಾಂತ್ಯದಲ್ಲಿ ರಾಬರ್ಟ್ ವೈಟ್ ಎಂಬ ಸಸ್ಯವಿಜ್ಞಾನಿಗೆ ಚಿತ್ರ ಬರೆದ ಗೋವಿಂದು ಅದೃಷ್ಟವಂತ. ವೈಟ್ ಒಂದು ಆರ್ಕಿಡ್ ಕುಲಕ್ಕೆ ಅವನ ಹೆಸರನ್ನೇ ಇಟ್ಟ, ಗೋವಿಂದೂಯಾ ಅಂತ.

ಈ ಚಿತ್ರಗಳನ್ನು ಸುಮ್ನೆ ಅಲಂಕಾರ ಅಂದುಕೊಳ್ಳಬೇಡಿ. 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಬಂದ, ಮಲಬಾರಿನ ಗಿಡಗಳ ಸಚಿತ್ರ ಗ್ರಂಥ 'ಹೋರ್ಟಸ್ ಮಲಬಾರಿಕಸ್' ನೋಡಿ. ಗಿಡಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಕೊಟ್ಟ ಎಷ್ಟೋ ಹೆಸರುಗಳಿಗೆ ಇವತ್ತಿಗೂ ಆ ಪುಸ್ತಕದ ಚಿತ್ರವೇ ಆಧಾರ. 'ಈ ಹೆಸರು ಯಾವ ಗಿಡದ್ದು?' ಅಂತ ತಕರಾರು ಬಂದರೆ ಚಿತ್ರದ ಕಡೆಗೇ ಬೆರಳು ತೋರಿಸಬೇಕು.

ಫೋಟೊ ಒಂದು ಗಳಿಗೆಯದು. ಚಿತ್ರಕ್ಕೆ ಆ ಕಟ್ಟು ಇಲ್ಲ. ಇವತ್ತಿನ ಮೊಗ್ಗು, ನಾಳಿನ ಕಾಯಿ, ಮಣ್ಣೊಳಗಿನ ಗೆಡ್ಡೆ ಎಲ್ಲ ಒಂದೇ ಹಾಳೆಯಲ್ಲಿ ಕೂರುತ್ತವೆ. ಗೆಡ್ಡೆ ವಿಷ, ಅದನ್ನು ಮುಟ್ಟಿದರೆ ಕೈ ತೊಳೆಯುವುದು ಮರೆಯಬೇಡಿ.

ತಪ್ಪಾಗಿ ಎಳೆದ ಗೆರೆ ಅಳಿಸಿ, ಶಲಾಕೆಯನ್ನು ಸರಿಯಾಗಿ ಬಾಗಿಸಿದೆ. ಹಾಳೆಯ ಬಲಗಡೆ ಒಂದಿಷ್ಟು ಜಾಗ ಖಾಲಿ ಬಿಟ್ಟಿದ್ದೇನೆ. ಕಾಯಿ ಬಲಿತು ಬಿರಿಯಲಿ, ಒಳಗಿನ ಕೆಂಪು ಬೀಜ ಅಲ್ಲಿಗೆ.