ಮೂರು ಇಗರ್ಜಿ, ಒಂದು ತೇರ್ಸ್

ನಮ್ಮ ಅಮ್ಮ ದಾರಿಯನ್ನು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ. ಫಳ್ನೀರಿನ ನಮ್ಮ ಮನೆಯಿಂದ ಮಿಲಾಗ್ರಿಸ್ ಚರ್ಚಿಗೆ ಎಷ್ಟು ದೂರ ಅಂತ ಕೇಳಿದರೆ "ಒಂದು ರಹಸ್ಯ, ಜಾಸ್ತಿ ಅಂದ್ರೆ ಒಂದೂವರೆ" ಅನ್ನುತ್ತಾರೆ. ರಹಸ್ಯ ಅಂದರೆ ಯೇಸು, ಮರಿಯಮ್ಮನ ಬದುಕಿನ ಒಂದು ಘಟನೆ ನೆನೆದು ಹೇಳುವ ಪ್ರಾರ್ಥನೆ. ಜಪಸರದಲ್ಲಿ ಐದು ರಹಸ್ಯ. ಒಂದೊಂದಕ್ಕೆ ಹತ್ತು ಸಲ ನಮೋ ಮರಿಯ ಪ್ರಾರ್ಥನೆ. ಕೈಚೀಲದೊಳಗೆ ಬೆರಳು ಮಣಿ ಎಣಿಸುತ್ತಾ ಇರುತ್ತದೆ, ಕಾಲು ನಡೆಯುತ್ತಾ ಇರುತ್ತದೆ. ಮಂಗಳೂರಿನ ಹಳೇ ಪೇಟೆಯನ್ನೆಲ್ಲಾ ಅಮ್ಮ ಹೀಗೇ ಅಳೆದು ಇಟ್ಟಿದ್ದಾರೆ.

ನನ್ನ ಮಗಳಿಗೆ ಐದು ವರ್ಷವಿದ್ದಾಗ ಡೆಂಗೀ ಜ್ವರ ಬಂತು. ಮೊದಲ ಮೂರು ದಿನ ಏನೂ ಹೇಳುವ ಹಾಗಿರಲಿಲ್ಲ. ಮೂರನೇ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅಮ್ಮ ಹರಕೆ ಹೊತ್ತರು. ಮಗು ಎದ್ದು ಓಡಾಡಿದರೆ, ಪ್ರತಿ ವರ್ಷ ಮೊಂತಿ ಹಬ್ಬದ ನವೇನದ (ಹಬ್ಬಕ್ಕೆ ಮೊದಲಿನ ಒಂಬತ್ತು ದಿನದ ಪ್ರಾರ್ಥನೆ) ಒಂದು ದಿನ ಮಿಲಾಗ್ರಿಸ್, ಅಲೋಶಿಯಸ್ ಚಾಪೆಲ್, ರೊಸಾರಿಯೊ, ಈ ಮೂರಕ್ಕೂ ನಡೆದೇ ಹೋಗಿ ದಾರಿಯಲ್ಲಿ ಒಂದು ತೇರ್ಸ್, ಅಂದರೆ ಐದು ರಹಸ್ಯದ ಪೂರ್ತಿ ಜಪಸರ, ಮುಗಿಸುತ್ತೇನೆ ಅಂತ. ಮಗು ಎದ್ದಳು. ಅಮ್ಮ ಮೂರು ವರ್ಷ ನಡೆದರು. ಈ ವರ್ಷ ಮೊಣಕಾಲು ಕೇಳಲಿಲ್ಲ. "ನೀನು ಹೋಗು ಪುತಾ, ಅವಳನ್ನೂ ಕರ್ಕೊಂಡು ಹೋಗು" ಅಂದರು. ಅಂಗಳದ ಮಲ್ಲಿಗೆ, ದಾಸವಾಳ, ಗೊರಟೆ ಕೊಯ್ದು ಬಾಳೆ ಎಲೆಯಲ್ಲಿ ಕಟ್ಟಿ ಮಗಳ ಕೈಗೆ ಕೊಟ್ಟರು.

ಮೊಂತಿ ಹಬ್ಬ ಅಂದರೆ ಸೆಪ್ಟೆಂಬರ್ 8, ಮರಿಯಮ್ಮ ಹುಟ್ಟಿದ ದಿನ. ನಮ್ಮ ಕರಾವಳಿಯ ಕ್ರೈಸ್ತರಿಗೆ ಅದೇ ತೆನೆ ಹಬ್ಬವೂ ಹೌದು. ಫರಂಗಿಪೇಟೆಯ ಗುಡ್ಡದ ಮೇಲಿನ ಮೊಂತೆ ಮರಿಯಾನೊ ಇಗರ್ಜಿಯಿಂದ ಆ ಹೆಸರು ಬಂತು. ಹಬ್ಬಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಹಾಡು ಹೇಳುತ್ತಾ ಬಾಲ ಮರಿಯಮ್ಮನ ಮೂರ್ತಿಗೆ ಹೂ ಹಾಕುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆ ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ.

ನಾವು ಹೊರಟದ್ದು ಶನಿವಾರ ಮಧ್ಯಾಹ್ನ. ಮಳೆ ಬಂದು ನಿಂತಿತ್ತು. ಶನಿವಾರಕ್ಕೆ ಸಂತೋಷದ ರಹಸ್ಯಗಳು. ಮೊದಲನೆಯದು, ದೇವದೂತ ಮರಿಯಮ್ಮನಿಗೆ ಸುದ್ದಿ ತಂದದ್ದು. ಅದನ್ನು ಮಿಲಾಗ್ರಿಸಿನ ಒಳಗೆ ಮೊಣಕಾಲೂರಿ ಹೇಳಿದೆವು. ಬೆಳಿಗ್ಗೆ ಮಕ್ಕಳು ಹಾಕಿದ್ದ ಹೂವಿನ ಎಸಳು ಇನ್ನೂ ಮೂರ್ತಿಯ ಕಾಲಬಳಿ ಇತ್ತು. ಒಂದು ಅಬ್ಬಲಿಗೆ ಒದ್ದೆ ನೆಲಕ್ಕೆ ಅಂಟಿಕೊಂಡಿತ್ತು. ಮಗಳು ಅದನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ, ಮತ್ತೆ ಕಾಲಬಳಿಯೇ ಇಟ್ಟಳು. ಯಾರೂ ಹೇಳಿಕೊಟ್ಟದ್ದಲ್ಲ.

ಮಿಲಾಗ್ರಿಸ್ ಅಂದರೆ ಪೋರ್ಚುಗೀಸಿನಲ್ಲಿ ಪವಾಡಗಳು. ಈ ಇಗರ್ಜಿ ಶುರುವಾದದ್ದು 1680ರಲ್ಲಿ. ಗೋವೆಯ ದಿವಾಡಿ ದ್ವೀಪದವರಾದ ಬಿಷಪ್ ತೋಮಸ್ ದೆ ಕಾಸ್ತ್ರೊ ಕಟ್ಟಿಸಿದರು. ಜಾಗ ಕೊಟ್ಟವರು ಕೆಳದಿಯ ರಾಣಿ ಚೆನ್ನಮ್ಮ. ಹೌದು, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಅದೇ ಚೆನ್ನಮ್ಮ. ಶಿವಭಕ್ತೆ ರಾಣಿ ಕೊಟ್ಟ ನೆಲದಲ್ಲಿ ನಾನು ಮೊಣಕಾಲೂರಿದ್ದೇನೆ ಅಂತ ನೆನೆದಾಗಲೆಲ್ಲಾ ನನಗೆ ಮೈ ಜುಂ ಅನ್ನುತ್ತದೆ. ಆ ತಾಯಿಗೂ ಒಂದು ನಮೋ ಮರಿಯ ಹೇಳುವುದು ನನ್ನ ರೂಢಿ. ನಾಲ್ಕೇ ವರ್ಷದಲ್ಲಿ, 1684ರಲ್ಲಿ, ಬಿಷಪ್ ತೀರಿಕೊಂಡರು. ಅವರ ಸಮಾಧಿಯೂ ಇಲ್ಲೇ ಇದೆ.

ಈಗ ನಿಂತಿರುವುದು ಆ ಕಟ್ಟಡವಲ್ಲ. 1784ರಲ್ಲಿ ಟಿಪ್ಪುವಿನ ಸೈನ್ಯ ಕರಾವಳಿಯ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿತು. ಆ ದಿನ ವಿಭೂತಿ ಬುಧವಾರ, ಅಂದರೆ ಈಸ್ಟರಿಗೆ ಮೊದಲಿನ ಉಪವಾಸ ಕಾಲದ ಮೊದಲ ದಿನ, ಅಂತ ನಮ್ಮ ಮನೆಗಳಲ್ಲಿ ಇವತ್ತಿಗೂ ಹೇಳುತ್ತಾರೆ. ಮಿಲಾಗ್ರಿಸ್ ಬಿತ್ತು. ರೊಸಾರಿಯೊ ಬಿತ್ತು. ಘಟ್ಟ ಹತ್ತುವಾಗಲೇ ಎಷ್ಟೋ ಜನ ಸತ್ತರು. 1799ರ ನಂತರ ಉಳಿದವರು ವಾಪಸ್ ಬಂದಾಗ ಎಷ್ಟೋ ಮಂದಿಗೆ ಮನೆಯಿಲ್ಲ, ಗದ್ದೆಯಿಲ್ಲ. ಅಂಥವರೇ ಮತ್ತೆ ಇಗರ್ಜಿ ಕಟ್ಟಿದರು. ಮಿಲಾಗ್ರಿಸಿನ ಮುಂಭಾಗ 1911ರಲ್ಲಿ ಮತ್ತೊಮ್ಮೆ ಕುಸಿಯಿತು, ಮತ್ತೆ ಕಟ್ಟಿದರು. ಸಿಟ್ಟಿನಿಂದ ಇದನ್ನು ಬರೆಯುತ್ತಿಲ್ಲ. ಅಷ್ಟು ದೂರ ನಡೆದ ಆ ಕಾಲುಗಳನ್ನು ನೆನೆಯದೆ ಇಲ್ಲಿ ಪ್ರಾರ್ಥನೆ ಮಾಡಲು ನನಗೆ ಆಗುವುದಿಲ್ಲ, ಅಷ್ಟೇ.

ಎರಡನೇ ರಹಸ್ಯ ಏರುದಾರಿಯಲ್ಲಿ ಆಗಬೇಕು. ಅದು ಅಮ್ಮನ ಕಟ್ಟಪ್ಪಣೆ. ಗರ್ಭಿಣಿ ಮರಿಯಮ್ಮ ಬೆಟ್ಟದ ನಾಡಿಗೆ ಅವಸರದಿಂದ ನಡೆದು, ವಯಸ್ಸಾದ ಎಲಿಜಬೇತಳ ಮನೆಗೆ ಹೋದದ್ದೇ ಎರಡನೇ ರಹಸ್ಯ ಅಲ್ವಾ? ಹಂಪನಕಟ್ಟೆಯಿಂದ ಬಾವುಟಗುಡ್ಡೆ ಹತ್ತುವಾಗ ಅದನ್ನು ಹೇಳಿದರೆ ಉಸಿರಿನ ಜೊತೆ ಸೇರಿಕೊಳ್ಳುತ್ತದೆ. ಬಸ್ಸುಗಳ ಹಾರ್ನಿನಲ್ಲಿ ನನಗೆ ಎರಡು ಸಲ ಎಣಿಕೆ ತಪ್ಪಿತು. ಮಗಳು ಬೆರಳು ಮಡಚಿ ಲೆಕ್ಕ ಇಟ್ಟಿದ್ದಳು. "ಏಳಾಯ್ತು ಪಪ್ಪಾ" ಅಂದಳು. ಆ ಏರಿನಲ್ಲಿ ನನಗೆ ಅಮ್ಮ ಕಂಡರು. ಎಪ್ಪತ್ತು ದಾಟಿದ ಮೇಲೆ, ನೋಯುವ ಮೊಣಕಾಲಿನಲ್ಲಿ, ಮೂರು ವರ್ಷ ಈ ಗುಡ್ಡೆ ಹತ್ತಿದ್ದರು. ನಾನು ಒಂದು ವರ್ಷವೂ ಜೊತೆಗೆ ಬಂದಿರಲಿಲ್ಲ. ಆಫೀಸಿಗೆ ಹೋಗಿದ್ದೆ.

ಅಲೋಶಿಯಸ್ ಚಾಪೆಲಿನ ಒಳಗೆ ಹೋದರೆ ಮೊದಲು ಮಾತು ನಿಲ್ಲುತ್ತದೆ. ಇಟಲಿಯ ಬೆರ್ಗಮೊ ಹತ್ತಿರದವರಾದ ಬ್ರದರ್ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಇಲ್ಲಿ ಚಿತ್ರ ಬರೆದರು. ಗೋಡೆಯ ಚಿತ್ರಗಳು ಹಸಿ ಸುಣ್ಣದ ಗಾರೆಯ ಮೇಲೆ ಬರೆದವು. ಗಾರೆ ಒಣಗುವ ಮೊದಲೇ ಬಣ್ಣ ಹಚ್ಚಬೇಕು. ಒಣಗಿದರೆ ಬಣ್ಣ ಒಳಗೆ ಇಳಿಯುವುದಿಲ್ಲ. ಆ ದಿನ ಎಷ್ಟು ಬರೆಯಲು ಸಾಧ್ಯವೋ ಅಷ್ಟೇ ಜಾಗಕ್ಕೆ ಗಾರೆ ಮೆತ್ತಿಕೊಳ್ಳಬೇಕು. ಛಾವಣಿಯದು ಕ್ಯಾನ್ವಾಸಿನ ಮೇಲಿನ ಎಣ್ಣೆ ಬಣ್ಣ. ಮಂಗಳೂರಿನ ಮಳೆಗಾಲದ ತೇವದಲ್ಲಿ ಈ ಕೆಲಸ ಹೇಗೆ ಮಾಡಿದರೋ! ಅವರು 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಊರಿಗೆ ವಾಪಸ್ ಹೋಗಲಿಲ್ಲ.

ಚಾವಣಿ ತುಂಬಾ ಸಂತ ಅಲೋಶಿಯಸ್ ಗೊನ್ಸಾಗರ ಬದುಕು. ಅರಮನೆಯ ಹಕ್ಕು ಬಿಟ್ಟುಕೊಟ್ಟ ಹುಡುಗ. ರೋಮಿನಲ್ಲಿ ಸಾಂಕ್ರಾಮಿಕ ರೋಗ ಬಂದಾಗ ರೋಗಿಗಳ ಸೇವೆಗೆ ನಿಂತರು. ತಾವೂ ಕಾಯಿಲೆ ಬಿದ್ದು 1591ರಲ್ಲಿ, 23ನೇ ವಯಸ್ಸಿಗೆ ಸತ್ತರು. ಆ ರೋಗಿಗಳ ಚಿತ್ರ ನೋಡಿ ಬಾ ಅಂತ ಅಮ್ಮ ಮರೆಯದೆ ಹೇಳಿ ಕಳಿಸಿದ್ದರು. ನನಗೆ ಆಸ್ಪತ್ರೆಯ ಆ ಮೂರನೇ ರಾತ್ರಿ ನೆನಪಾಯಿತು. ಒಬ್ಬ ನರ್ಸ್ ತಾಸಿಗೊಮ್ಮೆ ಬಂದು ಮಗುವಿನ ಹಣೆ ಮುಟ್ಟಿ ನೋಡಿ ಹೋಗುತ್ತಿದ್ದರು. ಅವರ ಹೆಸರು ಕೂಡ ಕೇಳಿರಲಿಲ್ಲ. ಮೂರನೇ ರಹಸ್ಯವನ್ನು ಪೂರ್ತಿ ಅವರಿಗಾಗಿ ಹೇಳಿದೆ.

ಇಳಿದು ಬರುವಾಗ ನಾಲ್ಕನೆಯದು. ಕ್ಲಾಕ್ ಟವರ್ ದಾಟಿ, ಪುರಭವನ ದಾಟಿ, ನೆಹರೂ ಮೈದಾನದ ಪಕ್ಕ ಬರುವಷ್ಟರಲ್ಲಿ ಮುಗಿಯಿತು. ಮತ್ತೆ ಹನಿ ಶುರುವಾಗಿತ್ತು. ಅಷ್ಟೊತ್ತಿಗೆ ಅಮ್ಮನ ಫೋನ್.

"ಎಷ್ಟನೇದು?"

"ನಾಲ್ಕು ಆಯ್ತು."

"ಐದನೇದು ಈಗ ಸುರು ಮಾಡ್ಬೇಡ. ರೊಸಾರಿಯೊಗೆ ಮುಟ್ಟಿದ ಮೇಲೆ ಹೇಳು. ನಾನೂ ಇಲ್ಲಿ ನಾಲ್ಕು ಮುಗಿಸಿ ಕೂತಿದ್ದೇನೆ."

ರೊಸಾರಿಯೊ ಈ ಮೂರರಲ್ಲಿ ಎಲ್ಲಕ್ಕಿಂತ ಹಳೆಯದು. ಪೋರ್ಚುಗೀಸರು 1568ರಲ್ಲಿ ಕಟ್ಟಿಸಿದ್ದು. ಬಿದ್ದ ಮೇಲೆ 1813ರಲ್ಲಿ ಮತ್ತೆ ಎದ್ದಿತು. ಈಗಿನ ಗುಮ್ಮಟದ ಕಟ್ಟಡ ಕಳೆದ ಶತಮಾನದ್ದು. ಇಲ್ಲಿನ ಜಪಮಾಲೆ ಮಾತೆಯ ಮೂರ್ತಿ ಕಡಲಿನಲ್ಲಿ ಮೀನುಗಾರರಿಗೆ ಸಿಕ್ಕಿತು ಅಂತ ಹಿರಿಯರು ಹೇಳುತ್ತಾರೆ. ಬಂದರಿನ ಪಕ್ಕದ ಇಗರ್ಜಿ, ಹಾಗಾಗಿ ನನಗೆ ಆ ಮಾತು ಸಹಜ ಅನ್ನಿಸುತ್ತದೆ. ಬಲೆ ಎಳೆದವನ ಕೈಗೆ ಮೀನಿನ ಬದಲು ತಾಯಿ ಸಿಕ್ಕಳು.

ಐದನೇ ರಹಸ್ಯ, ಕಳೆದುಹೋದ ಬಾಲಯೇಸು ದೇವಾಲಯದಲ್ಲಿ ಸಿಕ್ಕಿದ್ದು. ಮರಿಯಮ್ಮ, ಜೋಸೆಫ್ ಇಬ್ಬರೂ ಹುಡುಕಿ ಹುಡುಕಿ ಮೂರು ದಿನದ ಮೇಲೆ ಮಗು ಸಿಕ್ಕಿತು. ಮೂರು ದಿನ. ಚಿಕ್ಕಂದಿನಿಂದ ಸಾವಿರ ಸಲ ಹೇಳಿದ್ದೇನೆ, ಆ ಮೂರು ದಿನದ ಮೇಲೆ ನನ್ನ ನಾಲಿಗೆ ಯಾವತ್ತೂ ನಿಂತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತಿದ್ದೆ, ಹತ್ತು ಮಣಿಗೆ ಹತ್ತು ನಿಮಿಷ ಬೇಕಾಯಿತು. ಅಮ್ಮ ಯಾಕೆ ಶನಿವಾರವೇ ಹೋಗು ಅಂದರು, ಯಾಕೆ ಐದನೆಯದನ್ನು ಒಳಗೇ ಹೇಳಬೇಕು ಅಂದರು ಅಂತ ಆಗ ಗೊತ್ತಾಯಿತು. ನಾನು ಇಷ್ಟು ದಿನ ಹರಕೆ ಅಂದರೆ ಕೊಟ್ಟು ತೀರಿಸುವ ಸಾಲ ಅಂದುಕೊಂಡಿದ್ದೆ. ಅಮ್ಮನಿಗೆ ಅದು ಸಾಲ ಆಗಿರಲೇ ಇಲ್ಲ. ಮಗು ಸಿಕ್ಕಿದ ಸಂತೋಷವನ್ನು ವರ್ಷಕ್ಕೊಮ್ಮೆ ಕಾಲಿನಲ್ಲಿ ಹೇಳುವುದಾಗಿತ್ತು.

ಸಂಜೆಯ ನವೇನಕ್ಕೆ ಮಕ್ಕಳೆಲ್ಲಾ ಸಾಲಾಗಿ ನಿಂತರು. ಮಗಳು ಬಾಳೆ ಎಲೆ ಬಿಚ್ಚಿದಳು. ದಾಸವಾಳ ಬಾಡಿತ್ತು, ಮಲ್ಲಿಗೆ ಅರಳಿತ್ತು. ಹಾಡಿನ ಜೊತೆ ಹಿಡಿ ಹಿಡಿಯಾಗಿ ಹಾಕಿದಳು. ಕೊನೆಗೆ ಖಾಲಿ ಎಲೆಯನ್ನೂ ಮೂರ್ತಿಯ ಮುಂದೆ ಒಮ್ಮೆ ಕೊಡವಿ ಬಂದಳು.

ಆಟೋದಲ್ಲಿ ಮನೆಗೆ ಬಂದೆವು. ಅಮ್ಮ ಜಗಲಿಯಲ್ಲೇ ಕೂತಿದ್ದರು, ಜಪಸರ ಮಡಿಲಲ್ಲಿತ್ತು. ಏನನ್ನೂ ಕೇಳಲಿಲ್ಲ. ಮೊಮ್ಮಗಳ ಎರಡೂ ಕೈ ಹಿಡಿದು ಮುಖದ ಹತ್ತಿರ ತಂದರು. ಅಂಗೈಯಲ್ಲಿ ಮಲ್ಲಿಗೆಯ ಪರಿಮಳ ಇನ್ನೂ ಇತ್ತು.